ಸೋಮವಾರ ತೆರೆದಿದ್ದ ಕದಗಳು

ಬೈಲಹೊಂಗಲದ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಅಂಗಡಿಯ ಮುಂದೆ ಹತ್ತಿಕಾಳಿನ ಹಿಂಡಿಯ ಚೀಲ ಬಿಚ್ಚಿಟ್ಟಿದ್ದರು. ಪಕ್ಕದ ಬಕೆಟ್ಟಿನಲ್ಲಿ ಯಾರೋ ಒಂದಿಷ್ಟು ನೆನೆಹಾಕಿದ್ದರು. ನೆನೆದ ಹಿಂಡಿಯ ವಾಸನೆ ಎಣ್ಣೆಯದೂ ಅಲ್ಲ, ಹುಳಿಯದೂ ಅಲ್ಲ. ದನಗಳು ಮೈ ಕೊಡವಿ ಏಳುವ ಹೊತ್ತಿನ ಕೊಟ್ಟಿಗೆಯ ವಾಸನೆ ಅದು. ಮೂಗಿಗೆ ಬಡಿದದ್ದೇ ಮಾಸ್ತರು ನೆನಪಾದರು. ಅಥವಾ ಹೀಗೂ ಇರಬಹುದು: ನಾನು ಹೊರಟಿದ್ದೇ ಅವರ ಮಗಳ ಮನೆಗೆ, ಬಸ್ಸು ಹತ್ತಿದಾಗಿನಿಂದ ಅವರದೇ ಯೋಚನೆ, ವಾಸನೆ ಆಮೇಲೆ ಬಂದು ಸೇರಿಕೊಂಡಿತು. ಯಾವುದು ಮೊದಲು, ಯಾವುದು ನಂತರ ಎಂಬುದು ನನ್ನ ತಲೆಯಲ್ಲಿ ಈಗೀಗ ಗಟ್ಟಿಯಾಗಿ ನಿಲ್ಲುವುದಿಲ್ಲ. ಈ ಬರಹದ ತೊಂದರೆಯೂ ಅದೇ.

ಅವರು ನನಗೆ ಪಾಠ ಹೇಳಿದ ಮಾಸ್ತರಲ್ಲ. ಕಿತ್ತೂರಿನ ಕಡೆಯ ಒಂದು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಎಲ್ಲಿಯೂ ಒಂದು ಕಡೆ ನಿಲ್ಲದೆ ಅದೂ ಇದೂ ಮಾಡಿಕೊಂಡಿದ್ದ ಕಾಲದಲ್ಲಿ ಒಂದು ಸಂಸ್ಥೆಯ ಸಮೀಕ್ಷೆಗೆ ಸೇರಿದೆ. ಅಲ್ಲಿ ಅವರು ನಮ್ಮ ಮೇಲ್ವಿಚಾರಕರು. ತಂಡ ಎಂದರೆ ಮೂರೇ ಜನ: ಮಾಸ್ತರು, ನಾನು, ಮನೋಳಿಯ ಒಬ್ಬ ಹುಡುಗಿ. ಸವದತ್ತಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಸುತ್ತಬೇಕಾದ ಹಳ್ಳಿಗಳು ರಾಮದುರ್ಗ ತಾಲ್ಲೂಕಿನವು.

ಕೆಲಸ ಕೇಳಲು ಸರಳವಾಗಿತ್ತು. ದನದ ಡಾಕ್ಟರು ಔಷಧಿ ತುಂಬಿಕೊಂಡು ವಾರಕ್ಕೊಮ್ಮೆ ಹಳ್ಳಿಗಳಿಗೆ ಬರುವ ಒಂದು ಗಾಡಿಯನ್ನು ಸಂಸ್ಥೆ ಕೊಡುವುದಿತ್ತು. ಒಂದೇ ಗಾಡಿ. ಅದು ರಾಮದುರ್ಗದ ಕಡೆಗೆ ಹೋಗಬೇಕೋ, ಸಿರಸಂಗಿಯ ಕಡೆಗೆ ಹೋಗಬೇಕೋ ಎಂಬುದು ತೀರ್ಮಾನವಾಗಿರಲಿಲ್ಲ. ಎಲ್ಲಿ ಹೆಚ್ಚು ಮನೆಗಳಲ್ಲಿ ಇನ್ನೂ ಎತ್ತುಗಳಿವೆಯೋ ಅಲ್ಲಿಗೆ ಎಂದು ಹೇಳಿದ್ದರು. ಸಿರಸಂಗಿಯ ಕಡೆ ಇನ್ನೊಂದು ತಂಡ, ಈ ಕಡೆ ನಾವು. ಎಲ್ಲ ಮನೆಗಳಿಗೂ ಹೋಗುವಂತಿರಲಿಲ್ಲ. ಊರಿಗೆ ಕೆಲವು ಮನೆಗಳನ್ನು ಆರಿಸಿಕೊಂಡು ಕೇಳಬೇಕು, ಅವುಗಳಿಂದ ಇಡೀ ಊರನ್ನು ಅಂದಾಜು ಮಾಡಬೇಕು. ಬೀಗ ಹಾಕಿದ ಮನೆ ಬಂದರೆ ಅದನ್ನು ಬಿಟ್ಟು ಮುಂದಿನ ಮನೆ.

ಮಾಸ್ತರು ಸಂಕೋಚದ ಮನುಷ್ಯರಲ್ಲ. ಅವರು ಊರಬಾಗಿಲಿನ ಅಗಸಿ ದಾಟಿದ್ದು ಅರ್ಧ ಊರಿಗೆ ಕೇಳಿಸುತ್ತಿತ್ತು. ಸಮೀಕ್ಷೆಯ ಮನೆಗಳಲ್ಲಿ ಚಹಾ ಕುಡಿಯುತ್ತಿರಲಿಲ್ಲ. ಕುಡಿಯಲು ನಮಗೂ ಬಿಡುತ್ತಿರಲಿಲ್ಲ. “ಚಾ ಕುಡದ್ರ ಉತ್ತರ ಸಿಹಿ ಆಕ್ಕಾವು” ಎನ್ನುತ್ತಿದ್ದರು. ಆದರೆ ಮಜ್ಜಿಗೆ ಕೊಟ್ಟರೆ ಬೇಡವೆಂದದ್ದನ್ನು ನಾನು ನೋಡಿಲ್ಲ. ಮಜ್ಜಿಗೆಯ ಬಗ್ಗೆ ಕೇಳಿದಾಗ, “ಅದು ಹುಳಿ ಐತಿ, ಏನೂ ಆಗೂದಿಲ್ಲ” ಎಂದಿದ್ದರು.

ಎಲ್ಲಿಂದ ಎಣಿಕೆ ಶುರು ಮಾಡಬೇಕು ಎಂಬುದಕ್ಕೂ ಅವರದೇ ಒಂದು ಪದ್ಧತಿ ಇತ್ತು. ಅಗಸಿಯಲ್ಲಿ ಮೊದಲು ಎದುರಾದವರನ್ನು ನಿಲ್ಲಿಸಿ, ಮನಸ್ಸಿಗೆ ಬಂದ ಒಂದು ಅಂಕಿ ಹೇಳಿ ಎಂದು ಕೇಳುವುದು. ಅವರು ಹೇಳಿದ ಅಂಕಿಯ ಮನೆಯಿಂದ ಆರಂಭ. ಹೇಳಿದವರೆಲ್ಲ ಐದು ಎಂದರು, ಹನ್ನೊಂದು ಎಂದರು, ಇಪ್ಪತ್ತೊಂದು ಎಂದರು. ಎಂಟು ಎಂದವರು ಒಬ್ಬರೂ ಇಲ್ಲ. ಒಬ್ಬ ಅಜ್ಜಿಯಂತೂ, “ನೂರಾ ಒಂದು ಬರಕೋಪಾ, ಛಲೋ ಆಗಲಿ” ಎಂದು ಮಾಸ್ತರ ತಲೆ ಸವರಿ ಹೋದಳು. ಆ ಊರಿನಲ್ಲಿ ಅಷ್ಟು ಮನೆಗಳೇ ಇರಲಿಲ್ಲ. ಜನ ಆರಿಸುವ ಅಂಕಿ ಆಕಸ್ಮಿಕದ ಅಂಕಿಯಲ್ಲ, ಅದು ಮದುವೆಯಲ್ಲಿ ಉಡುಗೊರೆ ಕೊಡುವ ಆಯಾರದ ಅಂಕಿ, ಮುಯ್ಯಿಯ ಅಂಕಿ ಎಂದು ನಾನು ವಾದಿಸಿದೆ. ಮಾಸ್ತರು ಮನೋಳಿಯ ಹುಡುಗಿಯ ಕಡೆ ತಿರುಗಿ, “ನೋಡವಾ, ಯುನಿವರ್ಸಿಟಿ ಮಾತಾಡಾಕ ಹತ್ತೇತಿ” ಎಂದರು. ಆದರೆ ಮುಂದಿನ ವಾರದಿಂದ ಆ ಪದ್ಧತಿಯನ್ನು ಬಿಟ್ಟುಬಿಟ್ಟರು. ನನ್ನ ಪುಸ್ತಕದ ಆಕಸ್ಮಿಕ ಅಂಕಿಗಳ ಕೋಷ್ಟಕ ನೋಡಿಯೇ ಮನೆ ಆರಿಸಿದೆವು. ತಪ್ಪು ತೋರಿಸಿದರೆ ತಿದ್ದಿಕೊಳ್ಳುವ ಮನುಷ್ಯ. ತೋರಿಸುವ ತನಕ ಅದು ತಪ್ಪೆಂದು ಹೊಳೆಯದ ಮನುಷ್ಯ ಕೂಡ. ಈ ಎರಡನ್ನೂ ಇಲ್ಲಿ ಬರೆದಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಹಳ್ಳಿಗೆ ಸೋಮವಾರ ಹೋಗೋಣ ಎಂದವರು ಮಾಸ್ತರು. ಹಿಂಗಾರಿ ಜೋಳ ಬಿತ್ತುವ ದಿನಗಳು. ಬೇರೆ ದಿನ ಹೋದರೆ ಊರಿಗೆ ಊರೇ ಹೊಲದಲ್ಲಿ. ಸೋಮವಾರವಾದರೆ ಜನ ಮನೆಯಲ್ಲಿ ಸಿಗುತ್ತಾರೆ, ಬೀಗ ಕಡಿಮೆ. ಸಮೀಕ್ಷೆ ಮಾಡಿದವರಿಗೆ ಗೊತ್ತು, ಬೀಗದಷ್ಟು ದೊಡ್ಡ ಶತ್ರು ಇಲ್ಲ. ನಾನೂ ಒಪ್ಪಿದೆ. ಹಾಗೆ ವಾರಕ್ಕೊಂದು ಊರು, ಸೋಮವಾರಕ್ಕೊಂದು ಊರು. ಉಳಿದ ದಿನ ಮಾಸ್ತರು ಕಿತ್ತೂರಿಗೆ ಹೋಗಿಬಿಡುತ್ತಿದ್ದರು. ನಾವಿಬ್ಬರು ಸವದತ್ತಿಯ ಕೋಣೆಯಲ್ಲಿ ಕುಳಿತು ಲೆಕ್ಕ ಹಾಕುತ್ತಿದ್ದೆವು.

ನಮ್ಮ ಕಡೆ ಎತ್ತುಗಳು ಬಹಳ ಬಂದವು. ನಾವು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು. ಎತ್ತು ತಿರುಗಿ ಬರುತ್ತಿವೆ ಎಂದು ಸಂಸ್ಥೆಯವರು ಸಂತೋಷಪಟ್ಟರು. ಗಾಡಿ ರಾಮದುರ್ಗದ ಕಡೆಗೆ ಬಂತು.

ಅದಾದ ಮೇಲೆ ಎರಡೂ ತಂಡಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸ ನನಗೆ ಬಂತು. ಆಗ ಕಣ್ಣಿಗೆ ಬಿದ್ದದ್ದು ಎತ್ತಲ್ಲ, ವಾರ. ಸಿರಸಂಗಿಯ ಕಡೆಯವರು ಬುಧವಾರ, ಗುರುವಾರ, ಶನಿವಾರ, ಸಿಕ್ಕ ದಿನ ಹೋಗಿದ್ದರು. ನಾವು ಸೋಮವಾರ ಮಾತ್ರ. ನಮ್ಮ ಭಾಗದಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತಿರುವ ಮನೆಯವರು ಅಂದು ಮನೆಯಲ್ಲಿರುತ್ತಾರೆ, ಎತ್ತಿನ ಮೈ ತೊಳೆಯುತ್ತಾರೆ, ಹಿಂಡಿ ಇಡುತ್ತಾರೆ. ಎತ್ತು ಮಾರಿದವರು, ಬಾಡಿಗೆಗೆ ಟ್ರ್ಯಾಕ್ಟರ್ ಹೇಳಿದವರು, ಕೂಲಿಗೆ ಹೋಗುವವರು ಹೊಲದಲ್ಲಿ. ಅವರ ಮನೆಗೆ ಬೀಗ. ನಾವು ಬೀಗ ಬಿಟ್ಟು ಮುಂದಿನ ಮನೆಗೆ, ಎಂದರೆ ತೆರೆದ ಕದಕ್ಕೆ, ಎಂದರೆ ಎತ್ತಿನ ಮನೆಗೆ ಹೋಗುತ್ತಿದ್ದೆವು. ಗುರುವಾರವಾಗಿದ್ದರೆ ಬೀಗ ಎಲ್ಲರಿಗೂ ಸಮವಾಗಿ ಬೀಳುತ್ತಿತ್ತು.

ಇದನ್ನು ಮಾದರಿಯ ದೋಷ ಎಂದು ಸುಮ್ಮನೆ ಹೇಳಿ ಮುಗಿಸುವಂತಿಲ್ಲ. ಕೆಲವೇ ಮನೆ ಕೇಳಿದ್ದರಿಂದ ಬರುವ ತಪ್ಪು ಹೆಚ್ಚು ಮನೆ ಕೇಳಿದರೆ ಕಡಿಮೆಯಾಗುತ್ತದೆ. ಈ ತಪ್ಪು ಹಾಗಲ್ಲ. ಇನ್ನೂ ಹತ್ತು ಸೋಮವಾರ ಹೋಗಿದ್ದರೆ ಅದೇ ತಪ್ಪನ್ನು ಇನ್ನೂ ಹೆಚ್ಚು ಧೈರ್ಯದಿಂದ ಹೇಳುತ್ತಿದ್ದೆವು. ಮಾಸ್ತರೇ ಮೊದಲ ದಿನ ಇದನ್ನು ನಮಗೆ ಹತ್ತಿಯಲ್ಲಿ ತಿಳಿಸಿದ್ದರು. ಬೈಲಹೊಂಗಲದ ವ್ಯಾಪಾರಿ ಅಂಡಿಗೆ ಚೀಲದ ಮೇಲಿನ ಹತ್ತಿ ನೋಡಿ ದರ ಹೇಳುವುದಿಲ್ಲ, ಏಕೆಂದರೆ ರೈತ ಬಿಳಿ ಹತ್ತಿಯನ್ನೇ ಮೇಲೆ ಇಟ್ಟಿರುತ್ತಾನೆ. ತೋಳು ತೂರಿಸಿ ನಡುವಿನ ಹಿಡಿ ಎಳೆದು ನೋಡುತ್ತಾನೆ ಎಂದು. ಅಷ್ಟು ಬಲ್ಲವರಿಗೆ ಸೋಮವಾರ ಎಂದರೆ ಮೇಲಿನ ಹತ್ತಿ ಎಂದು ಗೊತ್ತಾಗಲಿಲ್ಲವೇ... ಅಥವಾ ಆಯಾರದ ಅಂಕಿಯ ಹಾಗೆ, ಯಾರಾದರೂ ತೋರಿಸುವ ತನಕ ಹೊಳೆಯಲಿಲ್ಲವೇ...

ಸಂಸ್ಥೆಗೆ ಹೇಳಿದೆ. ಮುಂದಿನ ಸಲ ಸರಿಪಡಿಸೋಣ ಎಂದರು. ಮುಂದಿನ ಸಲ ಎಂಬುದು ಬರಲಿಲ್ಲ. ಮಾಸ್ತರಿಗೂ ಹೇಳಬೇಕೆಂದು ಕಿತ್ತೂರಿಗೆ ಹೋದೆ. ಇಷ್ಟು ಖಚಿತ. ಅವರ ಹಿತ್ತಿಲಲ್ಲಿ ಒಂದು ಜೋಡಿ ಎತ್ತು ಇದ್ದವು, ಉಳುವ ಹೊಲವನ್ನು ಅವರು ಎಂದೋ ಪಾಲಿಗೆ ಹಾಕಿದ್ದರೂ. ಇದೂ ಖಚಿತ. ಮುಂದಿನದು ಖಚಿತವಲ್ಲ.

ಮಾಸ್ತರು ಒಂದು ಮಾತು ಹೇಳಿದ್ದು ನನ್ನ ಕಿವಿಯಲ್ಲಿದೆ. “ಸೋಮವಾರ ಎತ್ತಿನ ಮನಿ ಕದಾನ ತೆರದಿರತಾವಲ್ಲೋ ತಮ್ಮಾ.” ಹೇಳುವಾಗ ಅವರು ಕಟ್ಟೆಯ ಮೇಲೆ ಕುಳಿತು ಚಪ್ಪಲಿಗೆ ಹತ್ತಿದ ಕೆಸರನ್ನು ಒಂದು ಕಡ್ಡಿಯಿಂದ ಕೆರೆಯುತ್ತಿದ್ದರು. ಚಿತ್ರ ಇಷ್ಟು ಸ್ಪಷ್ಟವಾಗಿದೆ. ಆದರೆ ಆ ಕಟ್ಟೆ ಯಾವುದು? ಕೆಲವು ಸಲ ಅದು ಮೊದಲ ಸೋಮವಾರ, ಹಳ್ಳಿಯ ಅಗಸಿಯ ಪಕ್ಕದ ಬೇವಿನ ಕಟ್ಟೆ. ಮಾಸ್ತರು ನಗುತ್ತಿದ್ದಾರೆ. ಹಾಗಿದ್ದರೆ ಅವರಿಗೆ ಮೊದಲೇ ಗೊತ್ತಿತ್ತು. ಗಾಡಿ ಈ ಕಡೆಗೆ ಬರಲಿ ಎಂದೇ ಸೋಮವಾರ ಆರಿಸಿದರು. ಕೆಲವು ಸಲ ಅದು ಕಿತ್ತೂರಿನ ಅವರ ಮನೆಯ ಕಟ್ಟೆ. ನಾನು ವಿಷಯ ಹೇಳಿ ಮುಗಿಸಿದ್ದೇನೆ, ಅವರಿಗೆ ಆಗ ಹೊಳೆದಿದೆ, ಕಡ್ಡಿ ಹಿಡಿದ ಕೈ ನಿಂತಿದೆ. ಹಾಗಿದ್ದರೆ ಅವರು ನಿರಪರಾಧಿ. ಮಾತು ಒಂದೇ. ಎಲ್ಲಿ ಆಡಿದರು ಎಂಬುದರ ಮೇಲೆ ಮನುಷ್ಯನೇ ಬೇರೆಯಾಗುತ್ತಾನೆ.

ಕೆಸರಿನ ಬಣ್ಣ ನೆನಪಾದರೆ ಸಾಕಿತ್ತು. ನಾವು ಸುತ್ತಿದ ಊರುಗಳದು ಎರೆ ಮಣ್ಣು, ಕಪ್ಪು. ಕಿತ್ತೂರಿನದು ಕೆಂಪು. ಎಷ್ಟು ಸಲ ಕಣ್ಣು ಮುಚ್ಚಿ ನೋಡಿದ್ದೇನೆ. ಚಪ್ಪಲಿ ಕಾಣುತ್ತದೆ, ಕಡ್ಡಿ ಕಾಣುತ್ತದೆ, ಕೆಸರಿಗೆ ಮಾತ್ರ ಬಣ್ಣವಿಲ್ಲ. ಹೆಚ್ಚು ಹೊತ್ತು ನೋಡಿದರೆ ನನಗೆ ಬೇಕಾದ ಬಣ್ಣ ಬರುತ್ತದೆ. ಆಗ ಕಣ್ಣು ತೆರೆದುಬಿಡುತ್ತೇನೆ.

ಮಾಸ್ತರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಮಗಳು ಫೋನ್ ಮಾಡಿ ಬೈಲಹೊಂಗಲಕ್ಕೆ ಬಂದುಹೋಗಿ ಎಂದದ್ದು ಆಗ. ಆಕೆಯೂ ಶಿಕ್ಷಕಿ, ಸಿರಸಂಗಿಯ ಕಡೆಯ ಒಂದು ಹಳ್ಳಿಯಲ್ಲಿ. ಗಾಡಿ ಬಾರದ ಕಡೆ. ರಾಮದುರ್ಗದ ಕಡೆಯ ಊರಿನವರು, ದನದ ಡಾಕ್ಟರು ಕೂಡುವ ಕೋಣೆಯಲ್ಲಿ ಮಾಸ್ತರ ಫೋಟೋ ಹಾಕುತ್ತೇವೆ, ನೀವೇ ಬಂದು ಹಾರ ಹಾಕಬೇಕು ಎಂದು ಆಕೆಗೆ ಹೇಳಿಕಳಿಸಿದ್ದರು. ಗಾಡಿ ತಂದುಕೊಟ್ಟವರು ಎಂದು ಅವರ ಕೃತಜ್ಞತೆ. ಅಷ್ಟರಲ್ಲಿ ಸೋಮವಾರದ ಮಾತು ಸಂಸ್ಥೆಯ ಯಾರಿಂದಲೋ ಆಕೆಯ ಕಿವಿಗೂ ಬಿದ್ದಿತ್ತು.

ಚಹಾದ ಬಟ್ಟಲು ಮುಂದಿಟ್ಟು ಆಕೆ ನೇರವಾಗಿ ಕೇಳಿದರು. “ಅಣ್ಣಾರ, ಒಂದ ಮಾತಿನ್ಯಾಗ ಹೇಳ್ರಿ. ಅಪ್ಪಗ ಗೊತ್ತಿತ್ತೋ ಇಲ್ಲೋ?”

“ಗೊತ್ತಿರಲಿಲ್ಲ ಅನಸತೈತ್ರಿ” ಎಂದೆ.

“ಅನಸೂದಕ್ಕ ನಾನ ಇದ್ದೇನಲ್ರಿ. ನೀವು ಅಲ್ಲಿದ್ರಿ, ಅದಕ್ಕ ಕರದೇನಿ.” ಆಕೆಯೇ ಮುಂದುವರಿಸಿದರು: “ನಮ್ಮ ಸಾಲಿ ಊರಾಗ ಹೋದ ವರ್ಷ ಗಂಟಲಬ್ಯಾನಿ ಬಂದು ಎಮ್ಮಿ ಸತ್ತೂ. ಡಾಕ್ಟರ ಗಾಡಿ ಬರತಿದ್ರ ಉಳೀತಿದ್ದೂ ಏನೋ. ಗೊತ್ತಿದ್ದ ಮಾಡಿದ್ರ ಆ ಗ್ವಾಡಿ ಮ್ಯಾಲ ಅಪ್ಪ ಬ್ಯಾಡ. ಗೊತ್ತಿಲ್ಲದ ಆಗಿದ್ರ, ನಾನ ಹೋಗಿ ಹಾರ ಹಾಕತೇನಿ.”

ನನಗೆ ನೆನಪಿದ್ದದ್ದನ್ನು ಹೇಳಿದೆ. ಎರಡು ಕಟ್ಟೆ, ಒಂದು ಮಾತು, ಬಣ್ಣವಿಲ್ಲದ ಕೆಸರು. ಹೇಳುತ್ತ ಹೋದ ಹಾಗೆ ಇದೆಂಥ ಸಾಕ್ಷಿ ಎಂದು ನನಗೇ ನಾಚಿಕೆಯಾಯಿತು. ಮತ್ತೊಂದೂ ಹೊಳೆಯಿತು. ಕಿತ್ತೂರಿನ ಆ ಒಂದು ಭೇಟಿ ಬಿಟ್ಟರೆ ನಾನು ಮಾಸ್ತರನ್ನು ನೋಡಿದ್ದೇ ಸೋಮವಾರಗಳಲ್ಲಿ. ವಾರದ ಉಳಿದ ಆರು ದಿನಗಳ ಮಾಸ್ತರು ನನ್ನ ಎಣಿಕೆಯಲ್ಲಿ ಇಲ್ಲವೇ ಇಲ್ಲ. ಹಾಗಾದರೆ ನಾನು ಯಾರ ಬಗ್ಗೆ ಹೇಳುತ್ತಿದ್ದೇನೆ...

“ಮನ್ಯಾಗ ಹ್ಯಾಂಗಿದ್ರು?” ಎಂದು ಕೇಳಿದೆ.

ಆಕೆ ಯೋಚಿಸಿದರು. “ಅವ್ವನ ಮುಂದ ದಿನಾ ಸುಳ್ಳ ಹೇಳತಿದ್ರು. ಪಲ್ಲೆ ಉಪ್ಪಾಗಿದ್ರೂ ಛಲೋ ಆಗೇತಿ ಅಂತಿದ್ರು. ನನ್ನ ಮಾರ್ಕ್ಸಿನ ವಿಷಯದಾಗ ಮಾತ್ರ ಅರ್ಧಾ ಮಾರ್ಕ್ಸ ಸೈತ ಬಿಡತಿರಲಿಲ್ಲ.” ಇಬ್ಬರೂ ನಕ್ಕೆವು. ನಗು ಯಾವ ಕಡೆಯ ಸಾಕ್ಷಿ ಎಂದು ಇಬ್ಬರಿಗೂ ತಿಳಿಯಲಿಲ್ಲ.

ನಮ್ಮ ತಂಡದಲ್ಲಿದ್ದ ಮನೋಳಿಯ ಗೆಳತಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಈಗ ಆಕೆಗೆ ಅಲ್ಲೇ ಒಂದು ಕಿರಾಣಿ ಅಂಗಡಿ ಇದೆ. ಗಿರಾಕಿಗೆ ಸಕ್ಕರೆ ಕಟ್ಟುತ್ತಲೇ ಮಾತಾಡಿದಳು. ಚಪ್ಪಲಿಯ ಕೆಸರು ಕೆರೆಯುತ್ತ ಮಾಸ್ತರು ಹೇಳಿದ್ದು ಎಲ್ಲಿ ಎಂದು ಕೇಳಿದೆ.

“ಕೆಸರೆಲ್ಲಿಂದ ಬರಬೇಕೋ? ಆವಾಗ ಬ್ಯಾಸಗಿ ಇತ್ತು. ನನಗ ಅವರ ಛತ್ರಿ ನೆನಪೈತಿ, ಬಿಸಲಿಗೆ ಹಿಡೀತಿದ್ರು.”

“ಹಿಂಗಾರಿ ಬಿತ್ತೂ ಹೊತ್ತು ಅದು.”

“ನೀ ಆವಾಗೂ ಹಂಗ ಇದ್ದಿ. ಎಲ್ಲಾದಕ್ಕೂ ಸಂಶೆ. ಹೌದೋ ಅಲ್ಲೋ ಅಂತ ಬೆರಳ ಕಚ್ಚಿಕೋತ ಕುಂದರತಿದ್ದಿ.” ಆಮೇಲೆ ದನಿ ತಗ್ಗಿಸಿ, “ಆ ಮಾತು ಮಾಸ್ತರ ಆಡಿದ್ರೇನು? ನನಗ ಅದು ಊರಿನವರು ಯಾರೋ ಅಂದಂಗ ನೆನಪು” ಎಂದಳು.

ಇದು ಮೂರನೆಯ ಕಟ್ಟೆಯಾಯಿತು. ಸಾಕ್ಷಿ ಕೇಳಿದಷ್ಟೂ ಉತ್ತರ ಅಗಲವಾಗುತ್ತಿತ್ತು, ಮಳೆಗಾಲದ ಮಲಪ್ರಭೆಯ ಹಾಗೆ. ಪುಸ್ತಕದಲ್ಲಿ ಓದಿದ್ದು ಇದಕ್ಕೆ ತಿರುಗುಮುರುಗು, ಹೆಚ್ಚು ಕೇಳಿದಷ್ಟೂ ಉತ್ತರ ಕಿರಿದಾಗಬೇಕು.

ಮಾಸ್ತರ ಮಗಳು ತಮ್ಮ ಫೋನ್ ಎತ್ತಿಕೊಂಡರು. ಫೋಟೋ ಹಾಕಲಿದ್ದ ಊರಿನ ಹಿರಿಯರಿಗೆ ಹಚ್ಚಿ, ನನಗೂ ಕೇಳಿಸುವಂತೆ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರು.

“ಕಾಕಾರ, ಫೋಟೋದ ಸಲುವಾಗಿ ಮಾಡೀನ್ರಿ. ಆವಾಗಿನ ಎಣಿಕಿ ತಪ್ಪಿತ್ತಂತ್ರಿ. ನಿಮ್ಮ ಕಡೆ ಎತ್ತು ಇದ್ದದ್ದಕ್ಕಿಂತ ಹೆಚ್ಚ ಬರದಾರಂತ.”

ಆ ಕಡೆಯಿಂದ ಒಂದು ಕೆಮ್ಮು. ಆಮೇಲೆ ನಿಧಾನದ ದನಿ. “ಗೊತ್ತೈತಿ ಬಿಡವಾ. ಸೋಮವಾರ ಬಂದ್ರ ಮತ್ತೇನಾಗತೈತಿ? ಎತ್ತಿದ್ದವರು ಮನ್ಯಾಗ, ಇಲ್ಲದವರು ಹೊಲದಾಗ. ಟ್ರ್ಯಾಕ್ಟರಿಗೆ ಎಲ್ಲೀ ಸೋಮವಾರ?”

ನಾನು ಮಗಳ ಮುಖ ನೋಡಿದೆ. ಆಕೆ ಫೋನನ್ನೇ ನೋಡುತ್ತಿದ್ದರು.

“ಅಪ್ಪಗ ಗೊತ್ತಿತ್ತೇನ್ರಿ ಕಾಕಾರ?”

“ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಗಾಡಿ ಬರಲಿ ಅಂತ ನಮಗ ಆಸೆ ಇತ್ತವಾ, ಸುಳ್ಳ್ಯಾಕ ಹೇಳೂದು. ಅವರ ಹೊಟ್ಟ್ಯಾಗ ಏನಿತ್ತೋ ಅವರಿಗೇ ಗೊತ್ತು.”

ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ನಾನು ಆಗಲೂ ಒಂದು ಉತ್ತರ ಕೊಡಬಹುದಿತ್ತು. ಕಿತ್ತೂರಿನ ಕಟ್ಟೆಯೇ, ಕೆಸರು ಕೆಂಪೇ ಎಂದಿದ್ದರೆ ಆಕೆ ನಂಬುತ್ತಿದ್ದರು. ಬಾಯಿಯ ತನಕ ಬಂದಿತ್ತು. ಅದು ನೆನಪೋ ನನ್ನ ಆಸೆಯೋ ತಿಳಿಯದೆ ಬಾಯಿ ಮುಚ್ಚಿಕೊಂಡೆ.

“ಫೋಟೋ ಹಾಕ್ರಿ ಕಾಕಾರ” ಎಂದರು ಆಕೆ. “ಹಾರ ಹಾಕಬ್ಯಾಡ್ರಿ.”

“ಹಾರ ಇಲ್ಲದ ಹ್ಯಾಂಗವಾ? ನೋಡಿದವರು ಏನಂದಾರು?”

“ಅನ್ನಲಿ ಬಿಡ್ರಿ. ಗೊತ್ತಾದ ದಿವಸ ನಾನ ತಂದು ಹಾಕತೇನಿ.”

ಗೊತ್ತಾಗುವ ದಿನ ಎಂಬುದು ಇಲ್ಲ ಎಂದು ಆಕೆಗೂ ಗೊತ್ತಿತ್ತು. ನನ್ನನ್ನು ಬಾಗಿಲ ತನಕ ಕಳಿಸಲು ಬಂದಾಗ, “ನಿಮಗ ನೆನಪಾದ್ರ ಹೇಳ್ರಿ ಅಣ್ಣಾರ” ಎಂದರು. ಬೇಸರವಿರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ಹೆಚ್ಚು ನೋವಾಯಿತು.

ಕಳೆದ ತಿಂಗಳು ಸಾಲಹಳ್ಳಿಯ ಕಡೆ ಬೇರೆ ಕೆಲಸವಿತ್ತು. ದಾರಿಯಲ್ಲಿ ಇಳಿದು ಫೋಟೋ ಹಾಕಿದ ಊರಿಗೆ ಹೋದೆ. ಅಂದು ಗಾಡಿ ಬಂದಿತ್ತು. ಕೋಣೆಯ ಮುಂದೆ ಎಮ್ಮೆಗಳಿದ್ದವು, ಆಡುಗಳಿದ್ದವು. ಎತ್ತಿನ ಜೋಡಿ ಒಂದೇ ಒಂದು ಕಂಡಿತು. ನಾನು ನೋಡಿದ ಹೊತ್ತಿಗೆ ಒಂದು, ಅದರಿಂದ ಏನನ್ನೂ ಹೇಳುವುದಿಲ್ಲ. ಒಳಗೆ ಗೋಡೆಯ ಮೇಲೆ ಮಾಸ್ತರು ಇದ್ದರು. ಕನ್ನಡಕ ಸ್ವಲ್ಪ ಓರೆ, ಬಾಯಿ ಇನ್ನೇನು ತೆರೆಯುವಂತೆ. ಊರಿನವರು ಆಕೆಯ ಮಾತು ನಡೆಸಿದ್ದರು, ಹಾರ ಇರಲಿಲ್ಲ.

ಕರುವಿನ ಹಗ್ಗ ಹಿಡಿದು ಸರದಿಗೆ ಕಾದಿದ್ದ ಒಬ್ಬ ಹೆಣ್ಣುಮಗಳು ನಾನು ನಿಂತು ನೋಡುವುದನ್ನು ನೋಡಿ ಕೇಳಿದಳು. “ಇವರು ಯಾರ್ರಿ ಅಣ್ಣಾರ? ಹೊಸಾ ಡಾಕ್ಟರೇನು?”

“ಅಲ್ಲವಾ. ಮಾಸ್ತರು.”

“ಏನ್ ಮಾಡ್ಯಾರ್ರೀ?”

ಹೇಳಲು ಶುರು ಮಾಡಿದೆ. ಈ ಗಾಡಿ ಇಲ್ಲಿಗೆ ಬರಲು... ಎಂದು ಒಂದು ವಾಕ್ಯ, ಅದನ್ನು ಬಿಟ್ಟು ಇನ್ನೊಂದು. ಯಾವುದೂ ಮುಗಿಯಲಿಲ್ಲ. ಅವಳು ಕಾದಳು. ಕರು ಹಗ್ಗ ಜಗ್ಗುತ್ತಿತ್ತು.

“ಇರಲಿ ಬಿಡ್ರಿ” ಎಂದಳು ಕೊನೆಗೆ. “ಇಲ್ಲಿಗೆ ಬರತಾರಲ್ಲ ಯಾವಾಗರ? ಬಂದಾಗ ನಾನ ಕೇಳತೇನಿ.”

“ಇಲ್ಲವಾ” ಎಂದೆ. “ಈಗ ಅವರಿಲ್ಲ.”